ತಿಕೀಟಿನ ಕೆಳಗೆ ಬರೆದದ್ದು

ದೊಡ್ಡಪ್ಪ ಆಫ್ರಿಕಾದಿಂದ ಗಜೇಂದ್ರಗಡಕ್ಕೆ ಮರಳಿ ಬಂದಾಗ ನಾನು ರೋಣದ ಹೈಸ್ಕೂಲಿನಲ್ಲಿ ಓದುತ್ತಿದ್ದೆ. ಹರೆಯದಲ್ಲಿ ಹುಬ್ಬಳ್ಳಿಯ ರೈಲ್ವೆಯಲ್ಲಿ ಕಾರಕೂನನಾಗಿದ್ದವನು ಮುಂಬಯಿಯಲ್ಲಿ ಹಡಗು ಹತ್ತಿ ಕೀನ್ಯಾಕ್ಕೆ ಹೋಗಿ, ಅಲ್ಲಿಯ ರೈಲ್ವೆಯಲ್ಲಿ ಸ್ಟೇಶನ್ ಮಾಸ್ತರನಾಗಿ, ಪಿಂಚಣಿ ಪಡೆದು ಬಂದಿದ್ದ. ಊರಿನವರು ಅವನನ್ನು ‘ಆಫ್ರಿಕಾ ಸಾಹೇಬ್ರು’ ಎಂದು ಕರೆಯತೊಡಗಿದರು. ಸಂಜೆ ಕಟ್ಟೆಗೆ ಹೋದರೆ ಅವನಿಗೆಂದು ಬೇರೆ ಕುರ್ಚಿ ಹಾಕುತ್ತಿದ್ದರು. ಸಿಂಹ ಹಳಿಯ ಮೇಲೆ ಮಲಗಿದ ಕತೆ, ಆನೆ ತಂತಿಕಂಬ ಕಿತ್ತ ಕತೆ ಹೇಳುತ್ತ ಅವನು ಸಿಗರೇಟು ಸೇದುತ್ತಿದ್ದರೆ ನೇಕಾರರು ಮಗ್ಗ ಬಿಟ್ಟು ಬಂದು ಕೇಳುತ್ತಿದ್ದರು. ನಮ್ಮ ಮನೆತನದಲ್ಲಿ ಇಂಥವನೊಬ್ಬ ಇದ್ದಾನೆ ಎಂದು ನನಗೂ ಹೆಮ್ಮೆ ಇತ್ತು. ಈಗ ಆ ಕುರ್ಚಿಯನ್ನು ನೆನೆದರೂ ಮೈ ಉರಿಯುತ್ತದೆ.

ಅವನು ತಂದ ಸಾಮಾನಿನಲ್ಲಿ ನನ್ನ ಕಣ್ಣಿಗೆ ಬಿದ್ದದ್ದು ಕೆಂಪು ರಟ್ಟಿನ ಒಂದು ದಪ್ಪ ಆಲ್ಬಮ್. ಆಫ್ರಿಕಾದ ಅಂಚೆಚೀಟಿಗಳು ಅದರ ತುಂಬ ಇದ್ದವು. ನಮ್ಮ ಕಡೆ ಆಗ ಅಂಚೆಚೀಟಿ ಅನ್ನುತ್ತಿರಲಿಲ್ಲ, ಟಪಾಲ ತಿಕೀಟು ಅನ್ನುತ್ತಿದ್ದೆವು. ಅಲ್ಲಿಯ ತನಕ ನಾನು ನೋಡಿದ ತಿಕೀಟೆಂದರೆ ಅಪ್ಪನಿಗೆ ಕಚೇರಿಯಿಂದ ಬರುವ ಲಕೋಟೆಗಳ ಮೇಲಿನವು ಅಷ್ಟೆ. ಇಲ್ಲಿ ನೋಡಿದರೆ ಜಿರಾಫೆ, ತಲೆಯ ಮೇಲೆ ಕಿರೀಟದಂಥ ಜುಟ್ಟಿರುವ ಕೊಕ್ಕರೆ, ಹಿಮದ ಗುಡ್ಡ, ಸರೋವರದ ಮೇಲೆ ಹಾಯಿದೋಣಿ. ಇವೆಲ್ಲವುಗಳ ಮೂಲೆಯಲ್ಲಿ ಇಂಗ್ಲಿಷರ ರಾಜನ ಇಲ್ಲವೆ ರಾಣಿಯ ಮುಖ. ನೋಡಿ ನನಗೆ ಮರುಳೇ ಹಿಡಿಯಿತು. ರಜೆ ಸಿಕ್ಕರೆ ಸಾಕು, ರೋಣದಲ್ಲಿ ಬಸ್ಸು ಹತ್ತಿ, ಸೂಡಿ ದಾಟಿ, ಗಜೇಂದ್ರಗಡದಲ್ಲಿ ಇಳಿಯುತ್ತಿದ್ದೆ.

ದೊಡ್ಡಪ್ಪನಿಗೆ ಮಕ್ಕಳಿರಲಿಲ್ಲ. ನಾನು ಹೋದರೆ ಅವನಿಗೆ ಖುಷಿ. ಮುಂಬಯಿಯ ವ್ಯಾಪಾರಿಯೊಬ್ಬ ಅವನಿಗೆ ಹಳೆಯ ಲಕೋಟೆಯ ಚೂರುಗಳನ್ನು ಪೊಟ್ಟಣ ಕಟ್ಟಿ ಕಳಿಸುತ್ತಿದ್ದ. ತಾಟಿನಲ್ಲಿ ನೀರು ಹಾಕಿ ಅವನ್ನು ನೆನೆಸಿ, ತಿಕೀಟು ಬಿಡಿಸಿ, ಹಳೆಯ ಪತ್ರಿಕೆಯ ಮೇಲೆ ಬೋರಲು ಹಾಕಿ ಒಣಗಿಸುವುದು ನನ್ನ ಕೆಲಸವಾಯಿತು.

“ಬಟ್ಟಿ ತಿಕ್ಕಿದಂಗ ತಿಕ್ಕಬ್ಯಾಡವಾ,” ಎನ್ನುತ್ತಿದ್ದ. “ನೀರಾಗ ಬಿಡು. ಅದು ತಾನ ಬಿಡತೈತಿ.”

ಒಂದು ತಿಕೀಟನ್ನು ಮಾತ್ರ ನನ್ನ ಕೈಗೆ ಕೊಡುತ್ತಿರಲಿಲ್ಲ. ಅದು ನಮ್ಮ ಹಿಂದೂಸ್ತಾನದ್ದೇ ತಿಕೀಟು, ಮುದಿ ರಾಣಿಯ ಚಿತ್ರ. ಅದರ ಮೇಲೆ ಕರಿ ಮಸಿಯಿಂದ ‘ಬ್ರಿಟಿಷ್ ಪೂರ್ವ ಆಫ್ರಿಕಾ’ ಎಂದು ಇಂಗ್ಲಿಷಿನಲ್ಲಿ ಅಚ್ಚು ಒತ್ತಿದ್ದರು. ಇಂಗ್ಲಿಷರು ಕೀನ್ಯಾವನ್ನು ಹಿಡಿದಾಗ ಅಲ್ಲಿಗೆ ಬೇರೆ ತಿಕೀಟು ಮಾಡಿಸುವಷ್ಟೂ ಪುರಸೊತ್ತಿಲ್ಲದೆ ನಮ್ಮವನ್ನೇ ಒಯ್ದು ಹೆಸರು ಒತ್ತಿ ನಡೆಸಿದ್ದರಂತೆ.

“ನೋಡು, ನಮ್ಮ ಆಣೆ, ನಮ್ಮ ರೂಪಾಯಿ ಅಲ್ಲೆ ನಡೀತಿದ್ವು. ಅಲ್ಲಿ ರೈಲು ಹಾಕಿದವ್ರೂ ನಮ್ಮವ್ರ,” ಎಂದು ದೊಡ್ಡಪ್ಪ ಎದೆ ಸೆಟೆಸುತ್ತಿದ್ದ. ರೈಲು ಹಾಕಲು ಹೋದ ಕೂಲಿಗಳಲ್ಲಿ ಎಷ್ಟೋ ಜನ ಜ್ವರದಿಂದ, ಸಿಂಹದ ಬಾಯಿಯಲ್ಲಿ ಸತ್ತರು ಎಂಬುದನ್ನೂ ಅವನೇ ಹೇಳಿದ. ಆದರೆ ಅದನ್ನು ಹೇಳುವಾಗ ಬೇಟೆಯ ಕತೆ ಹೇಳುವವನ ದನಿ ಬರುತ್ತಿತ್ತು.

ಒಮ್ಮೆ ನಾನು ತಿಕೀಟು ಒಣಗಿಸುತ್ತಿದ್ದಾಗ, “ಇಂಥಾ ನಾಜೂಕಿನ ಕೆಲಸ ನಮ್ಮ ಬಾಯ್ ಭಾಳ ಚಲೋ ಮಾಡತಿದ್ದ,” ಎಂದ.

“ಯಾರ ಹುಡುಗ ದೊಡ್ಡಪ್ಪಾ?”

“ಹುಡುಗ ಅಲ್ಲ. ನಮ್ಮ ಮನ್ಯಾಗ ಅಡಗಿಗೆ ಇದ್ದಾಂವ. ನನಗಿಂತ ಹಿರ್ಯಾ. ಮೊಮ್ಮಕ್ಕಳಿದ್ರು ಅವಗ.”

“ಮತ್ತ ಬಾಯ್ ಅಂತೀರಲ್ಲ?”

“ಅಲ್ಲೆ ಎಲ್ಲಾರಿಗೂ ಹಂಗ ಅನ್ನೂದು.”

“ಅವನ ಹೆಸರ ಏನಿತ್ತರಿ?”

ದೊಡ್ಡಪ್ಪ ಚಿಮಟದಲ್ಲಿ ಹಿಡಿದ ತಿಕೀಟನ್ನು ಕಿಟಕಿಯ ಬೆಳಕಿಗೆ ಹಿಡಿದು ನೋಡುತ್ತ, “ಏನೋ ಇತ್ತು,” ಎಂದ.

ಪಡಸಾಲೆಯಲ್ಲಿ ಜೋಳ ಹಸನು ಮಾಡುತ್ತಿದ್ದ ದೊಡ್ಡವ್ವ ಮೊರ ಕೆಳಗಿಟ್ಟು ಎದ್ದು ಹಿತ್ತಲಿಗೆ ಹೋದಳು. ಅವಳು ಮಾತು ಕಡಿಮೆ ಆಡುತ್ತಿದ್ದಳು. ಗಂಡನಿಗೆ ಊಟಕ್ಕೆ ಬಡಿಸುವಾಗಲಂತೂ ಬಾಯಿ ಬಿಡುತ್ತಲೇ ಇರಲಿಲ್ಲ. ಪರದೇಶದಲ್ಲಿ ಇದ್ದು ಬಂದವಳು, ಹಾಗೇ ಇರಬಹುದು ಎಂದುಕೊಂಡಿದ್ದೆ.

ನಮ್ಮ ಇತಿಹಾಸದ ಮಾಸ್ತರರು ನಲವತ್ತೆರಡರ ಚಳವಳಿಯಲ್ಲಿ ಜೇಲು ಕಂಡವರು. ಪಾಠ ಮಾಡುತ್ತ ಮೇಜು ಗುದ್ದುತ್ತಿದ್ದರು. ಎರಡು ದಿನದ ಮಟ್ಟಿಗೆ ಎಂದು ದೊಡ್ಡಪ್ಪನಿಂದ ಆಲ್ಬಮ್ ಇಸಿದುಕೊಂಡು ಅವರಿಗೆ ತೋರಿಸಿದೆ. ಕಾಂಗೋದ ತಿಕೀಟು ಬಂದಾಗ ಅವರ ಕೈ ನಿಂತಿತು. ತಾಳೆ ಮರ, ಜಲಪಾತ, ದೋಣಿ, ಆನೆಬೇಟೆ ಎಲ್ಲವೂ ಎರಡು ಬಣ್ಣದಲ್ಲಿ, ಕಣ್ಣಿಗೆ ಹಬ್ಬವಾಗುವಂತೆ ಇದ್ದವು.

“ಇದು ಚಂದ ಕಾಣತೈತಿ ಹೌದಿಲ್ಲೋ?” ಎಂದರು. “ಬೆಲ್ಜಿಯಂದ ರಾಜಾ ಈ ಇಡೀ ದೇಶಾನ ತನ್ನ ಸ್ವಂತ ಹೊಲದಂಗ ಇಟ್ಟಿದ್ದ. ತನ್ನ ಮಂದೀಗೆ ಹೇಳಿ ರಬ್ಬರು ಕಡಿಮಿ ತಂದವರ ಕೈ ಕಡಸ್ತಿದ್ದ. ಕೂಸುಗಳ ಕೈಸೈತ.”

ನನಗೆ ಮೊದಲು ಅರ್ಥವಾಗಲಿಲ್ಲ. ‘ಕೈ ಕಡಸ್ತಿದ್ದ’ ಎಂದರೆ ಏನೋ ಬೇರೆ ಮಾತು ಎಂದುಕೊಂಡೆ. ಅವರು ತಮ್ಮ ಮಣಿಕಟ್ಟಿನ ಮೇಲೆ ಬೆರಳು ಎಳೆದು ತೋರಿಸಿದರು. ಗೋಲ್ಡ್ ಕೋಸ್ಟಿನ ತಿಕೀಟಿನ ಮೇಲಿದ್ದ, ಸಮುದ್ರದಂಡೆಯ ಬಿಳಿ ಕೋಟೆಯನ್ನು ನಾನು ಅರಮನೆ ಎಂದುಕೊಂಡಿದ್ದೆ. ಅದು ಮನುಷ್ಯರನ್ನು ಸರಪಳಿ ಹಾಕಿ ಕೂಡಿಟ್ಟು ಹಡಗಿಗೆ ತುಂಬುತ್ತಿದ್ದ ಜಾಗ ಎಂದು ಹೇಳಿದರು. ಆ ತಿಕೀಟು ಆಲ್ಬಮ್ಮಿನಲ್ಲಿ ಎರಡು ಇದ್ದವು. ಆ ದೇಶ ಇಂಗ್ಲಿಷರಿಂದ ಬಿಡುಗಡೆಯಾಗಿ ಹೆಸರು ಬದಲಿಸಿಕೊಂಡಿತ್ತು, ಹೊಸದರ ಮೇಲೆ ‘ಘಾನಾ ಸ್ವಾತಂತ್ರ್ಯ’ ಎಂದು ಅಚ್ಚು ಒತ್ತಿದ್ದರು. ಮುಂಬಯಿಯಿಂದ ಅದು ಬಂದ ದಿನ ದೊಡ್ಡಪ್ಪ, “ಇನ್ನ ಆ ದೇಶ ಹಾಳಾತು ತಗೋ,” ಎಂದು ನಕ್ಕಿದ್ದ. ಅವನ ಜೊತೆ ನಾನೂ ನಕ್ಕಿದ್ದೆ.

ಆ ವಾರವೇ ಗಜೇಂದ್ರಗಡಕ್ಕೆ ಹೋಗಿ ಆಲ್ಬಮ್ ಅವನ ಮುಂದೆ ಇಟ್ಟು ಕಾಂಗೋದ ಮಾತು ಕೇಳಿದೆ.

“ಅದು ಬೆಲ್ಜಿಯಂದವ್ರ ಕೆಲಸ. ಇಂಗ್ಲಿಷರು ಹಂಗಲ್ಲ,” ಎಂದ ದೊಡ್ಡಪ್ಪ. “ನಾ ಮೂವತ್ತ ವರ್ಷ ಅವರ ಕೈಯಾಗ ದುಡದೀನಿ. ಆ ಕರೇ ಮಂದೀಗೆ ಅರಿವಿ ಉಡಾಕ ಕಲಿಸಿದವ್ರ ಅವ್ರು. ಅದನ್ನ ಮರತು ತಿರುಗಿ ಬಿದ್ರು, ಅನುಭವಿಸಿದ್ರು.”

“ಯಾರು ಅನುಭವಿಸಿದ್ರು?” ಒಳಗಿನಿಂದ ದೊಡ್ಡವ್ವನ ದನಿ ಬಂತು. ದೊಡ್ಡಪ್ಪ ಎದ್ದ. ಚಪ್ಪಲಿ ಮೆಟ್ಟಿಕೊಂಡು ಕಟ್ಟೆಗೆ ಹೋದ.

ಮಧ್ಯಾಹ್ನ ಹಿತ್ತಲಿನ ಬೇವಿನ ಮರದ ನೆರಳಲ್ಲಿ ದೊಡ್ಡವ್ವ ಶೇಂಗಾ ಸುಲಿಯುತ್ತ ಕುಳಿತಿದ್ದಳು. ನಾನು ಹೋಗಿ ಕುಳಿತೆ. ಅವಳು ತಾನಾಗಿ ಹೇಳಲು ಸುರು ಮಾಡಿದಳು.

“ನಮ್ಮ ಕೂಸು ಹೋದಾಗ ಇವ್ರು ದೂರ ಲೈನಿನ ಮ್ಯಾಲೆ ಇದ್ರು. ನಮ್ಮ ಮಂದಿ ಅಂತ ಸುತ್ತ ಒಬ್ರೂ ಇರಲಿಲ್ಲ. ಜ್ವರ ಬಂದದ್ದ ನೆವ, ಹೊಳ್ಳಿ ಕಣ್ಣ ತೆರೀಲಿಲ್ಲ ಕೂಸು. ಕುಣಿ ತೋಡಿದಾಂವ ನೀ ಹೆಸರ ಕೇಳಿದ್ಯಲ್ಲ, ಆ ಅಡಗಿಯಾಂವ. ನಮ್ಮೊಳಗ ಹೂಳೂದು ಹ್ಯಾಂಗ ಅಂತ ಕೈಸನ್ನಿ ಮಾಡಿ ತೋರಿಸಿದೆ. ಹಂಗ ಕೂಸಿನ್ನ ಕುಂದರಿಸಿ ಮಣ್ಣ ಕೊಟ್ಟ. ಮ್ಯಾಲೆ ಕಲ್ಲ ತಂದಿಟ್ಟ, ನರಿ ಬರಬಾರದಂತ. ನಾ ಉಣಲಿಲ್ಲಂತ ಅಂವನೂ ಉಣಲಿಲ್ಲ.”

ಅವನಿಗೆ ರೊಟ್ಟಿ ಬಡಿಯಲು ಅವಳೇ ಕಲಿಸಿದ್ದಳಂತೆ. ಅಲ್ಲಿಯ ಜೋಳದ ಹಿಟ್ಟು ಜಿಗಿ ಕಡಿಮೆ, ಅಂಚು ಒಡೆಯುತ್ತದೆ, ಆದರೂ ತೆಳ್ಳಗೆ ಬಡಿಯುತ್ತಿದ್ದ. ಅವನ ಹೆಸರನ್ನು ಅವಳು ಹೇಳಿದಳು. ಈ ಬರಹದಲ್ಲಿ ನಾನು ಯಾರ ಹೆಸರನ್ನೂ ಬರೆದಿಲ್ಲ. ಬರೆಯುವುದೇ ಆದರೆ ಮೊದಲು ಅವನದನ್ನು ಬರೆಯಬೇಕು.

“ಆಮ್ಯಾಲೆ ಅಲ್ಲೆ ಗದ್ದಲ ಸುರು ಆತು,” ಎಂದಳು. “ಅವನ ಜಾತಿಯವ್ರ ಹೊಲ ಎಲ್ಲಾ ಗೋರೇ ಮಂದಿ ಕಸಗೊಂಡಿದ್ರು. ಹೊಲ ನಮಗ ಬೇಕು ಅಂತ ಎದ್ರು. ಸಿಕ್ಕಸಿಕ್ಕವರನ್ನ ಗಲ್ಲಿಗೆ ಹಾಕಿದ್ರು. ಒಂದಿನ ಮುಂಜಾನೆ ನಮ್ಮ ಕ್ವಾರ್ಟರ್ಸಿಗೆ ಲಾರಿ ಬಂದ್ವು. ಬಂದೂಕಿನವ್ರು ಬಂದು ಅವನ ಜಾತಿ ಗಂಡಸರನ್ನೆಲ್ಲಾ ಹೊರಗ ಎಳದು ಸಾಲಾಗಿ ಕುಂದರಿಸಿದ್ರು. ನಮ್ಮಾಂವ ಹಿಟ್ಟ ನಾದಾಕತ್ತಿದ್ದ, ಹಂಗ ಎಬ್ಬಿಸಿಕೊಂಡು ಹೋದ್ರು. ಗೋಣಿಚೀಲದ ಮುಸುಕ ಹಾಕ್ಕೊಂಡಾಂವ ಒಬ್ಬ ಬಂದ, ಕಣ್ಣಿಗಷ್ಟ ತೂತು. ಅವರವನ ಅಂವ, ಸರಕಾರಕ್ಕ ಮಾರ್ಕೊಂಡಾಂವ. ಯಾರ ಮುಂದ ನಿಂತು ಗೋಣ ಹಾಕ್ತಾನ, ಅವನ್ನ ಲಾರಿಗೆ ಹಾಕೂದು. ನಮ್ಮಾಂವನ ಮುಂದ ಬಂದು ನಿಂತ. ಗೋಣ ಹಾಕಲಿಲ್ಲ. ದಾಟಿ ಹೋದ.”

“ಮತ್ತ ಉಳಕೊಂಡನಲ್ಲ?”

“ತಡಿ. ಗೋರೇ ಸಾಹೇಬ ಇವರನ್ನ ಕೇಳಿದ, ಇವನಿಗೆ ನೀ ಜಾಮೀನ ನಿಲ್ತೀಯೇನು ಅಂತ. ಬಾಜೂ ಮನಿ ಪಂಜಾಬಿಯವ್ರು ತಮ್ಮ ಆಳಿನ ಸಲುವಾಗಿ ಜಗಳಾಡಿ ಬಿಡಿಸ್ಕೊಂಡ್ರು. ಇವರು ಏನಂದ್ರು ಗೊತ್ತೈತೇನು? ‘ರಾತ್ರಿ ಇಂವ ಎಲ್ಲೆ ಹೋಗ್ತಾನ ನನಗ ಗೊತ್ತಿಲ್ಲ’ ಅಂದ್ರು. ಎಲ್ಲೆ ಹೋಗತಿದ್ದ? ನಮ್ಮ ಹಿತ್ತಲ ಖೋಲ್ಯಾಗ ಮಲಗತಿದ್ದ. ಅಷ್ಟ ಸಾಕಾತು. ಕೈಗೆ ಹಿಟ್ಟ ಹತ್ತಿದ್ದು ಹಂಗ ಇತ್ತು, ಲಾರಿ ಹತ್ತಿಸಿದ್ರು. ನಾ ಒದರಿದೆ. ಇವರು ನನ್ನ ಒಳಗ ತಳ್ಳಿ ಚಿಲಕಾ ಹಾಕಿದ್ರು.”

ಶೇಂಗಾದ ಸಿಪ್ಪೆಯನ್ನು ಅವಳು ಮುಷ್ಟಿಯಲ್ಲಿ ಪುಡಿ ಮಾಡುತ್ತಿದ್ದಳು.

“ಆ ಮಾರ್ಕೊಂಡಾಂವಗರೆ ನಾಚಿಕಿ ಇತ್ತು, ಮುಸುಕ ಹಾಕ್ಕೊಂಡಿದ್ದ. ಇವರಿಗೆ ಮುಸುಕೂ ಬೇಕಾಗಲಿಲ್ಲ. ಸಂಜಿಗೆ ಬ್ಯಾರೆ ಆಳ ಹುಡುಕಾಕ ಹೋದ್ರು. ಕೇಳಿದ್ರ, ಪಿಂಚಣಿ ಹತ್ರ ಬಂದೈತಿ, ಸರಕಾರದ ಕೂಡ ಯಾಕ ಎದುರ ಹಾಕ್ಕೊಳ್ಳೂದು ಅಂದ್ರು.”

ಅವತ್ತು ನಾನು ದೊಡ್ಡಪ್ಪನ ಪಂಕ್ತಿಯಲ್ಲಿ ಕುಳಿತು ಉಣ್ಣಲಿಲ್ಲ. ಹೊಟ್ಟೆನೋವು ಎಂದು ಸುಳ್ಳು ಹೇಳಿ ಕೊನೆಯ ಬಸ್ಸಿಗೆ ರೋಣಕ್ಕೆ ಬಂದುಬಿಟ್ಟೆ. ಅವ್ವನಿಗೆ ಎಲ್ಲ ಹೇಳಿದೆ. “ದೊಡ್ಡವರ ಮಾತು, ನಿನಗ್ಯಾಕ?” ಎಂದಳು. ಅಪ್ಪ ತನ್ನ ಅಣ್ಣನ ವಿಷಯ ಬಂದಾಗ ಯಾವಾಗಲೂ ಮಾಡುವಂತೆ ಪತ್ರಿಕೆ ಬಿಡಿಸಿ ಮುಖಕ್ಕೆ ಹಿಡಿದ.

ಏಕೀಕರಣವಾಗಿ ವರ್ಷ ಕಳೆದಿತ್ತು. ಇಂಗ್ಲಿಷರ ವಿರುದ್ಧ ನರಗುಂದ ಎದ್ದು ನಿಂತು ನೂರು ವರ್ಷ ತುಂಬುವ ಸಮಯ. ಅದರ ನೆನಪಿಗೆ ನರಗುಂದದಲ್ಲಿ ಸುತ್ತಲಿನ ಸಾಲೆಗಳೆಲ್ಲ ಸೇರಿ ಒಂದು ಪ್ರದರ್ಶನ ಇಡುವುದೆಂದಾಯಿತು. ಹುಡುಗಿಯರು ಕಸೂತಿ, ಹುಡುಗರು ಮಣ್ಣಿನ ಕೋಟೆ ಮಾಡಿದರು. ದೊಡ್ಡಪ್ಪನ ಆಲ್ಬಮ್ಮಿನ ಸುದ್ದಿ ಮಾಸ್ತರರಿಗೆ ಗೊತ್ತಿತ್ತಲ್ಲ, ಅದನ್ನೂ ಇಡೋಣ ಎಂದರು. ದೊಡ್ಡಪ್ಪ ಹಿಗ್ಗಿ ಹೀರೇಕಾಯಿಯಾದ. ತಿಕೀಟು ಬಿಡಿಸಿ ದೊಡ್ಡ ಡ್ರಾಯಿಂಗ್ ಹಾಳೆಗಳ ಮೇಲೆ ಅಂಟಿಸುವ ಕೆಲಸ ನನಗೆ ವಹಿಸಿದ. ಕೆಳಗೆ ದೇಶದ ಹೆಸರು ಬರೆ ಎಂದ.

ನಾನು ಹೆಸರಿನ ಜೊತೆ ಇನ್ನೂ ಒಂದಿಷ್ಟು ಬರೆದೆ. ಕಾಂಗೋದ ತಾಳೆಮರದ ಕೆಳಗೆ ಕೈ ಕಡಿದದ್ದನ್ನು ಬರೆದೆ. ಬಿಳಿ ಕೋಟೆಯ ಕೆಳಗೆ ಸರಪಳಿಯನ್ನು ಬರೆದೆ. ಮೊಜಾಂಬಿಕದ ತಿಕೀಟುಗಳ ಕೆಳಗೆ, ನಮ್ಮ ದೇಶವನ್ನು ಮೊದಲು ಆಳಿದ್ದು ಒಂದು ಕಂಪನಿ, ಈ ದೇಶದ ಒಂದು ದೊಡ್ಡ ಭಾಗವನ್ನೂ ಒಂದು ಕಂಪನಿಯೇ ಆಳಿ ತನ್ನ ಹೆಸರಿನ ತಿಕೀಟು ಅಚ್ಚು ಹಾಕಿಸಿತು ಎಂದು ಬರೆದೆ. ಕೀನ್ಯಾದ ಜಿರಾಫೆಯ ಕೆಳಗೆ ಎಲ್ಲಕ್ಕಿಂತ ದಪ್ಪ ಅಕ್ಷರದಲ್ಲಿ ಹೀಗೆ ಬರೆದೆ: ‘ತಮ್ಮ ಹೊಲ ತಮಗೆ ಬೇಕೆಂದವರನ್ನು ಇಲ್ಲಿ ನೇಣಿಗೆ ಹಾಕಿದರು. ಸಾವಿರಾರು ಜನರನ್ನು ತಂತಿಬೇಲಿಯೊಳಗೆ ಕೂಡಿದರು. ನೂರು ವರ್ಷದ ಹಿಂದೆ ನಮ್ಮ ನರಗುಂದದ ಅರಸನನ್ನು ನೇಣಿಗೆ ಹಾಕಿದವರೂ ಇವರೇ.’

ಮಾಸ್ತರರು ಓದಿ ನನ್ನ ಬೆನ್ನು ಚಪ್ಪರಿಸಿದರು. “ಭಾಳ ಚಲೋ ಬರದೀ ತಂಗಿ. ಒಂದಕ್ಷರ ತಗೀಬ್ಯಾಡ,” ಎಂದರು. ಈ ಮಾತನ್ನು ನಾನು ಮರೆತಿಲ್ಲ. ಅವರು ಮರೆತರು.

ನರಗುಂದದ ಗುಡ್ಡದ ಬುಡದಲ್ಲಿದ್ದ ಸಾಲೆಯ ಹಾಲಿನಲ್ಲಿ ಪ್ರದರ್ಶನ. ಯಾವಗಲ್ಲಿನ ಕಡೆಯಿಂದ ಚಕ್ಕಡಿ ಕಟ್ಟಿಕೊಂಡು ಜನ ಬಂದಿದ್ದರು. ಅಧ್ಯಕ್ಷತೆಗೆ ಒಬ್ಬ ಹೆಸರಾಂತ ವಕೀಲರನ್ನು ಕರೆಸಿದ್ದರು. ಅವರು ಅರಸನ ಶೌರ್ಯ, ಅವನ ಮನೆಯ ಹೆಣ್ಣುಮಕ್ಕಳು ಮಲಪ್ರಭೆಗೆ ಹಾರಿಕೊಂಡದ್ದು, ಇಂಗ್ಲಿಷರ ಕ್ರೌರ್ಯ ಎಲ್ಲವನ್ನೂ ಕಣ್ಣಲ್ಲಿ ನೀರು ಬರುವಂತೆ ಹೇಳಿದರು. ನನ್ನ ಕಣ್ಣಲ್ಲೂ ನೀರು ಬಂತು. ಚಪ್ಪಾಳೆ ನಿಲ್ಲಲೇ ಇಲ್ಲ. ಆಮೇಲೆ ಮೇಜುಗಳನ್ನು ನೋಡುತ್ತ ನನ್ನ ಮುಂದೆ ಬಂದು ನಿಂತು, ಕನ್ನಡಕ ಏರಿಸಿ ಓದಿದರು. ಅವರ ಮುಖ ಬದಲಾಯಿತು.

“ಇದನ್ನ ಯಾರು ಬರದವ್ರು?”

“ನಾನರಿ.”

“ನಮ್ಮ ಅರಸರನ್ನ ಈ ಕಾಡ ಮಂದಿ ಸಾಲಿನಾಗ ನಿಂದರಸ್ತೀಯೇನು? ಅವರು ಕ್ಷಾತ್ರತೇಜದವ್ರು. ಇವರು ಮೊನ್ನಿ ತನಕಾ ಎಲಿ ಸುತ್ತಿಕೊಂಡು ತಿರಗತಿದ್ದ ಕರೇ ಜನ. ಎತ್ತಣಿಂದ ಎತ್ತಣ ಸಂಬಂಧ?”

“ನೇಣ ಒಂದ ಅಲ್ಲೇನ್ರಿ?” ಎಂದೆ.

ಅವರು ಮಾಸ್ತರರ ಕಡೆ ತಿರುಗಿದರು. ಜೇಲು ಕಂಡು ಬಂದ, ಮೇಜು ಗುದ್ದುವ ನನ್ನ ಮಾಸ್ತರರು ಕೈಕೈ ಹೊಸಕುತ್ತ, “ಹುಡುಗಿ ಬುದ್ಧಿ ಸಾಹೇಬ್ರ. ನಾ ನೋಡಿರಲಿಲ್ಲ,” ಎಂದರು. ಆಮೇಲೆ ನನ್ನ ಕಿವಿಯ ಹತ್ತಿರ ಬಂದು, “ಬರದದ್ದು ತಗದುಬಿಡವಾ. ತಿಕೀಟು ಅಷ್ಟ ಇರಲಿ,” ಎಂದರು.

“ತಗಿಯಂಗಿಲ್ಲರಿ,” ಎಂದೆ.

ಆಗ ದೊಡ್ಡಪ್ಪ ಜನರನ್ನು ಸರಿಸಿಕೊಂಡು ಬಂದ. ಕೋಟು ಹಾಕಿ, ಟೋಪಿ ಕೈಯಲ್ಲಿ ಹಿಡಿದಿದ್ದ. ಅಲ್ಲಿಯ ತನಕ ನಾನು ಏನು ಬರೆದಿದ್ದೇನೆಂದು ಅವನು ನೋಡಿರಲಿಲ್ಲ. ಓದಿದ. ಜಿರಾಫೆಯ ಕೆಳಗಿನ ಬರಹವನ್ನು ಪರಪರನೆ ಹರಿದ. ಉಳಿದವನ್ನೂ ಹರಿಯತೊಡಗಿದ. ತಿಕೀಟಿಗೆ ಪೆಟ್ಟಾಗದಂತೆ ಎಷ್ಟು ಹುಷಾರಾಗಿ ಹರಿಯುತ್ತಿದ್ದನೆಂದರೆ, ಆ ಬೆರಳುಗಳನ್ನು ನೋಡಿ ನನಗೆ ಹೇಸಿಗೆ ಬಂತು.

ಹೆಂಗಸರ ಗುಂಪಿನಲ್ಲಿದ್ದ ದೊಡ್ಡವ್ವ ಸೆರಗು ಸೊಂಟಕ್ಕೆ ಸಿಗಿಸಿಕೊಂಡು ಮುಂದೆ ಬಂದಳು. ಗಂಡನ ಕಡೆ ನೋಡಲಿಲ್ಲ. ವಕೀಲರ ಮುಂದೆ ನಿಂತು, ಮನೆಯಲ್ಲಿ ನಾನು ಎಂದೂ ಕೇಳದ ಗಟ್ಟಿ ದನಿಯಲ್ಲಿ ಹೇಳಿದಳು: “ನೀವು ದೊಡ್ಡವ್ರು, ಕಾಯ್ದೆ ಓದಿದವ್ರು. ಕೇಳ್ರಿ. ನಮ್ಮ ಮನ್ಯಾಗ ಒಬ್ಬ ಮನಷ್ಯಾ ಇದ್ದ.” ಅವನ ಹೆಸರು ಹೇಳಿದಳು. “ನನ್ನ ಕೂಸಿಗೆ ಮಣ್ಣ ಕೊಟ್ಟಾಂವ. ಏನೂ ತಪ್ಪ ಮಾಡದಾಂವ. ಇವರು ಒಂದ ಮಾತ ಹೇಳಿದ್ರ ಉಳೀತಿದ್ದ. ಹೇಳಲಿಲ್ಲ, ಹಿಡಕೊಟ್ರು. ಈಗ ನೀವು ಅರಸರ ಸಲುವಾಗಿ ಅತ್ತೀರಿ. ಆ ಅರಸರನ್ನ ಹಿಡಕೊಟ್ಟಾಂವ ಬಂದು ಇಲ್ಲೆ ಕೋಟ ಹಾಕ್ಕೊಂಡು ನಿಂತ್ರ ಅವನಿಗೂ ಹಾರ ಹಾಕ್ತೀರೇನು?”

ದೊಡ್ಡಪ್ಪನ ಮುಖ ಬೂದಿಯಾಗಿತ್ತು. ಈಗಲಾದರೂ ಯಾರಾದರೂ ಏನಾದರೂ ಕೇಳುತ್ತಾರೆ ಎಂದುಕೊಂಡೆ. ಆ ಮನುಷ್ಯ ಏನಾದ, ಬದುಕಿದ್ದಾನೋ ಇಲ್ಲವೋ, ಇಷ್ಟಾದರೂ ಕೇಳಬೇಕಲ್ಲ. ಹಿಂದಿನಿಂದ ಯಾರೋ, “ಒಬ್ಬ ಅಡಗಿ ಆಳಿನ ಸಲುವಾಗಿ ಇಷ್ಟ ರಾಮಾಯಣ!” ಎಂದರು. ಯಾರೋ ನಕ್ಕರು. ಒಬ್ಬರು ನಕ್ಕದ್ದಕ್ಕೆ ಮತ್ತೊಬ್ಬರು ನಕ್ಕರು. ವಕೀಲರೂ ಹಗುರಾಗಿ ನಕ್ಕು, “ನಡೀರಿ, ಮುಂದಿನ ಮೇಜ ನೋಡೋಣು,” ಎಂದರು.

ದೊಡ್ಡಪ್ಪ ಹೇಡಿತನ ಮಾಡಿದ್ದ. ಮಾಸ್ತರರೂ ಹೇಡಿಯಾದರು. ಹೇಡಿಗಳನ್ನು ಅರ್ಥ ಮಾಡಿಕೊಳ್ಳಬಹುದು. ಆ ನಗೆಯನ್ನು ಮಾತ್ರ ಅರವತ್ತು ವರ್ಷ ದಾಟಿದರೂ ನಾನು ಅರ್ಥ ಮಾಡಿಕೊಂಡಿಲ್ಲ, ಮಾಡಿಕೊಳ್ಳುವ ಮನಸ್ಸೂ ಇಲ್ಲ. ಆಗಷ್ಟೇ ಕಣ್ಣೀರು ಒರೆಸಿಕೊಂಡಿದ್ದ ಜನ ಅವರು.

ನನ್ನ ಮೇಜಿನ ಮೇಲೆ ಕಸೂತಿ ಕುಬಸಗಳನ್ನು ತಂದು ಹರವಿದರು. ದೊಡ್ಡವ್ವ ನನ್ನ ಕೈ ಹಿಡಿದು ಬಸ್ ಸ್ಟ್ಯಾಂಡಿಗೆ ಕರೆದುಕೊಂಡು ಬಂದಳು. ಸಂಜೆಗೆ ರೋಣದಲ್ಲಿ ಇಳಿದೆವು. ಗಜೇಂದ್ರಗಡಕ್ಕೆ ಹೋಗುವ ಬಸ್ಸು ತಯಾರಿದ್ದರೂ ಅವಳು ಅದನ್ನು ಹತ್ತಲಿಲ್ಲ, ನಮ್ಮ ಮನೆಗೆ ಬಂದಳು.

ಮಳೆಗಾಲ ಮುಗಿಯುವವರೆಗೂ ಅವಳು ನಮ್ಮಲ್ಲೇ ಇದ್ದಳು. ಅಪ್ಪನಿಗೆ ಇದು ನುಂಗಲಾರದ ತುತ್ತು. “ಅಣ್ಣನ ಮರ್ಯಾದಿ ಮೂರಾಬಟ್ಟಿ ಆತು. ಹೋಗು ವೈನಿ, ಮನಿ ಸೇರು,” ಎಂದು ದಿನಾ ಹೇಳುತ್ತಿದ್ದ. ಅವಳು ತನ್ನ ಪಾಡಿಗೆ ರೊಟ್ಟಿ ಬಡಿಯುತ್ತಿದ್ದಳು. ಕೊನೆಗೆ ದೊಡ್ಡಪ್ಪನೇ ಬಂದ. ಆಲ್ಬಮ್ಮನ್ನು ಮುಂಬಯಿಯ ವ್ಯಾಪಾರಿಗೆ ಕೊಟ್ಟುಬಿಟ್ಟೆ, ಇನ್ನು ಮನೆಯಲ್ಲಿ ಆ ಮಾತಿಲ್ಲ ಎಂದ. ಮಾಡಿದ್ದು ತಪ್ಪು ಎನ್ನಲಿಲ್ಲ. ಗಲಾಟೆಗೆ ಕಾರಣ ತಿಕೀಟು ಎಂದೇ ಅವನು ತಿಳಿದಿದ್ದ!

ದೊಡ್ಡವ್ವ ಹೋದಳು. ತವರಿನಲ್ಲಿ ಯಾರೂ ಉಳಿದಿರಲಿಲ್ಲ, ಎಲ್ಲಿಗೆ ಹೋಗಬೇಕು? ಆದರೆ ಅಂದಿನಿಂದ ಅವನಿಗೆ ಬಡಿಸುವುದನ್ನು ಬಿಟ್ಟಳು. ಮಾಡಿ ಮುಚ್ಚಿಟ್ಟು ಹಿತ್ತಲಿಗೆ ಹೋಗುತ್ತಿದ್ದಳು. ಅವನು ತಾನೇ ಹಾಕಿಕೊಂಡು ಉಣ್ಣುತ್ತಿದ್ದ. ಊರಿನಲ್ಲಿ ಕುರ್ಚಿ ಹಾಕುವುದೇನೂ ನಿಲ್ಲಲಿಲ್ಲ.

ಕೀನ್ಯಾಕ್ಕೆ ಸ್ವಾತಂತ್ರ್ಯ ಬಂದಾಗ ನಾನು ಗದಗಿನಲ್ಲಿ ಮಾಸ್ತರಕಿ ಮಾಡುತ್ತಿದ್ದೆ. ದೊಡ್ಡವ್ವ ಒಬ್ಬಳೇ ಬಸ್ಸು ಹತ್ತಿ ಬಂದು, ಅಲ್ಲಿಯ ಬಾಜೂ ಮನೆಯ ಪಂಜಾಬಿಯವರಿಗೆ ಇಂಗ್ಲಿಷಿನಲ್ಲಿ ಬರೆದು ಅಡುಗೆಯವನ ಸುದ್ದಿ ಕೇಳು ಎಂದಳು. ಬರೆದೆ. ಅವರು ಒಳ್ಳೆಯವರು, ಉತ್ತರ ಕೊಟ್ಟರು. ಲಾರಿಯಲ್ಲಿ ಹೋದವರಲ್ಲಿ ಕೆಲವರು ತಿರುಗಿ ಬಂದಿದ್ದಾರೆ, ಅವನು ಬಂದದ್ದನ್ನು ಕಂಡವರಿಲ್ಲ ಎಂದಿತ್ತು. ನಾನು ಓದಿ ಹೇಳಿದೆ. ಅವಳು, “ಕೂಸಿನ ಮ್ಯಾಲಿನ ಕಲ್ಲ ಇನ್ನೂ ಅದಾವೋ ಇಲ್ಲೋ,” ಎಂದಳು. ಅಷ್ಟೇ.

ದೊಡ್ಡಪ್ಪ ಅವಳಿಗಿಂತ ಹೆಚ್ಚು ಬಾಳಿದ. ಅವನು ತೀರಿಕೊಂಡಾಗ ಗಜೇಂದ್ರಗಡದವರು ದೊಡ್ಡ ಸಭೆ ಮಾಡಿದರು. ಒಬ್ಬರು ಎದ್ದು, ಸಾಹೇಬರು ಬದುಕಿನಲ್ಲಿ ಒಂದು ಇರುವೆಗೂ ಕೇಡು ಬಗೆದವರಲ್ಲ ಎಂದರು. ಜನ ಗೋಣು ಹಾಕಿದರು. ನನಗೂ ಎರಡು ಮಾತಾಡಲು ಹೇಳಿದರು. ನಾನು ನಿಂತು ದೊಡ್ಡವ್ವ ಕಲಿಸಿದ್ದ ಆ ಹೆಸರನ್ನು ಹೇಳಿದೆ. ಯಾರಿಗೂ ತಿಳಿಯಲಿಲ್ಲ. ತಿಳಿಸುವ ಮೊದಲೇ ಅಪ್ಪ ಎದ್ದು ಬಂದು ನನ್ನ ರಟ್ಟೆ ಹಿಡಿದ. ಕೊಡವಿಕೊಂಡು, ಚಪ್ಪಲಿ ಹುಡುಕಿಕೊಂಡು, ಸಭೆಯ ನಡುವಿನಿಂದಲೇ ಹೊರಗೆ ನಡೆದೆ.